ಹತ್ತಕ್ಕೆ ಆರು ಕೊಟ್ಟ ವಿಮರ್ಶಕ

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಇಬ್ಬರು ಹೆಣ್ಣುಮಕ್ಕಳು ಮೂರು ವರ್ಷ ಕೂತು ಒಂದು ವಿಡಿಯೋ ಗೇಮ್ ಮಾಡಿದರು. ಒಬ್ಬಳು ಕೋಡ್ ಬರೆಯುವವಳು, ಇನ್ನೊಬ್ಬಳು ಚಿತ್ರ ಬಿಡಿಸುವವಳು. ಅವರ ಕಂಪನಿ ಅಂದರೆ ಅವರಿಬ್ಬರೇ. ಆ ಗೇಮು ಬಿಡುಗಡೆಯಾದ ಮೇಲೆ ಜರಗನಹಳ್ಳಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದಿಡಬೇಕು ಅನ್ನಿಸಿದೆ. ಅದರಲ್ಲಿ ನನ್ನದೂ ಒಂದು ತಪ್ಪಿತ್ತು.

ನಾನು ಮುದ್ರಣಾಲಯವೊಂದರಲ್ಲಿ ಬಹಳ ವರ್ಷ ಕರಡು ತಿದ್ದಿ ನಿವೃತ್ತಳಾದವಳು. ಗೇಮು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುವುದಿತ್ತು. ಕನ್ನಡದ ಮಾತುಗಳನ್ನು ಒಂದು ಸಲ ನೋಡಿಕೊಡಿ ಎಂದು ಅವರು ಕೇಳಿದಾಗ ಖುಷಿಯಿಂದ ಒಪ್ಪಿಕೊಂಡೆ. ಪರದೆಯ ಮೇಲೆ ಗೇಮನ್ನು ಮೊದಲು ಕಂಡಾಗ ಮಾತ್ರ ಸ್ವಲ್ಪ ನಿರಾಸೆಯಾಯಿತು. ನನ್ನ ಮಗಳು ಚಿಕ್ಕವಳಿದ್ದಾಗ ಟಿವಿಗೆ ವೈರು ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮಿನ ಹಾಗೇ ಇತ್ತು. ದಪ್ಪ ದಪ್ಪ ಚೌಕಗಳ ಗೊಂಬೆ, ಕುಂಯ್ ಕುಂಯ್ ಅನ್ನುವ ಸಂಗೀತ.

"ಇಷ್ಟೊಳ್ಳೆ ಕಂಪ್ಯೂಟರ್ ಇಟ್ಕೊಂಡು ಯಾಕಮ್ಮಾ ಹಿಂಗೆ ಹಳೇ ಕಾಲದ್ದು ಮಾಡ್ತಿದೀರ?" ಎಂದು ಕೇಳಿದೆ.

"ಬೇಕಂತಾನೇ ಹಂಗ್ ಮಾಡಿರೋದು ಆಂಟಿ. ಚೌಕ ಕಮ್ಮಿ ಇದ್ರೆ ಮಿಕ್ಕಿದ್ದನ್ನ ಆಡೋರೇ ಮನಸ್ಸಲ್ಲಿ ತುಂಬ್ಕೋತಾರೆ," ಅಂದಳು ಚಿತ್ರದವಳು.

ಕಥೆ ಸರಳ. ಕೆರೆ ಬತ್ತಿದ ಊರಿನ ಹುಡುಗಿಯೊಬ್ಬಳು ಸನಿಕೆ ಹಿಡಿದು ಹೂತುಹೋದ ಕಾಲುವೆಗಳೊಳಗೆ ಇಳಿಯುತ್ತಾಳೆ. ನೀರು ನುಂಗಿ ಕೂತ ಕೆಸರುಭೂತಗಳನ್ನು ಸನಿಕೆಯಿಂದಲೇ ಹೊಡೆದು, ಒಂದೊಂದೇ ತೂಬು ತೆರೆಯುತ್ತಾ ಹೋಗುತ್ತಾಳೆ. ಅವಳ ಕೈಯಲ್ಲಿ ನಕ್ಷೆಯಿಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಒಬ್ಬ ಮುದುಕ ನೀರುಗಂಟಿ ಕೂತಿರುತ್ತಾನೆ. ಅವನು ಹೇಳಿದ್ದೇ ದಾರಿ.

ಆ ಮುದುಕ ನಮ್ಮ ಮಾವನವರು. ಅವರ ತಂದೆ ಊರ ನೀರುಗಂಟಿಯಾಗಿದ್ದರು. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ. ಮಾವ ಹುಡುಗನಾಗಿದ್ದಾಗ ಅಪ್ಪನ ಹಿಂದೆಯೇ ಸುತ್ತಿದವರು. ಈಗ ಎಂಬತ್ತಾರು. ಆ ಹೆಣ್ಣುಮಕ್ಕಳು ಬೆಳಗಿನ ಬಿಸಿಲಲ್ಲಿ ಅವರ ಪಕ್ಕ ಮೊಬೈಲ್ ಇಟ್ಟು ಮಾತು ರೆಕಾರ್ಡ್ ಮಾಡಿಕೊಂಡು, ಅದನ್ನು ಬರೆದಿಳಿಸಿ, ಗೇಮಿನೊಳಗೆ ಹಾಕಿದ್ದರು. ಬರೆದಿಳಿಸಿದ್ದನ್ನು ತಿದ್ದಿದವಳು ನಾನು.

ಬಿಡುಗಡೆಯಾದ ವಾರ ವಿಮರ್ಶೆಗಳು ಬರತೊಡಗಿದವು. ಸಿನಿಮಾಕ್ಕೆ, ಪುಸ್ತಕಕ್ಕೆ ವಿಮರ್ಶೆ ಗೊತ್ತಿತ್ತು. ಆಟಕ್ಕೂ ಪುಟಗಟ್ಟಲೆ ಬರೆಯುತ್ತಾರೆ ಎಂಬುದು ನನಗೆ ಹೊಸದು. ಹೊರದೇಶದ ಒಬ್ಬಾಕೆ, 'ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಆ ಮುದುಕ. ಅವನ ಮಾತು ಅರ್ಧ ಒಗಟು, ಅದೇ ಸೊಗಸು' ಎಂದು ಬರೆದಿದ್ದಳು. ಗಿರಿನಗರದ ಹುಡುಗನೊಬ್ಬ ಯೂಟ್ಯೂಬಿನಲ್ಲಿ, "ಮ್ಯೂಸಿಕ್ ಸಖತ್ತಾಗಿದೆ ಗುರು, ಆದ್ರೆ ಜಂಪ್ ಮಾತ್ರ ಕಲ್ಲು ಕಟ್ಕೊಂಡ್ ಹಾರ್ದಂಗಿದೆ" ಅಂದ.

ಆಮೇಲೆ ಬಂತು ಹತ್ತಕ್ಕೆ ಆರು. ನಾನು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಕೋಡಿನವಳು ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗಿಳಿದು ಬಂದಳು.

"ನೋಡಿ ಆಂಟಿ, ಈ ಮನುಷ್ಯ ಏನ್ ಬರ್ದಿದಾನೆ. ಮುದುಕ ಸುಳ್ಳು ಹೇಳ್ತಾನಂತೆ!"

ಓದಿ ಹೇಳಿದಳು. ಚಿತ್ರ ಚೆನ್ನಾಗಿದೆ, ಕಾಳಗ ಚುರುಕಾಗಿದೆ, ಜಿಗಿತ ಮಾತ್ರ ಭಾರ ಎಂದೆಲ್ಲ ಬರೆದು, ಮೂರನೆಯ ತೂಬಿನ ಬಳಿ ತಾನು ಸೋತುಹೋದೆ ಎಂದಿದ್ದ. ಮುದುಕ ಬಲಕ್ಕೆ ಹೋಗು ಎಂದ, ಹೋದೆ, ಕೆಸರುಗುಂಡಿಗೆ ಬಿದ್ದೆ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಬಿದ್ದೆ. ನಕ್ಷೆ ಕೊಡದ ಆಟ ಕನಿಷ್ಠ ನಂಬಿಕಸ್ಥ ಮುದುಕನನ್ನಾದರೂ ಕೊಡಬೇಕು ಎಂದು ಬರೆದಿದ್ದ.

"ಆಡಕ್ಕೆ ಬರ್ದೇ ಇರೋರೆಲ್ಲ ರಿವ್ಯೂ ಬರೀತಾರೆ," ಎಂದು ಅವಳು ದಡದಡ ಮೆಟ್ಟಿಲು ಹತ್ತಿದಳು.

ನನಗೆ ಆ ವಿಷಯ ತಲೆಯಿಂದ ಹೋಗಲಿಲ್ಲ. ಅದೇ ಮುದುಕ, ಅದೇ ಮಾತು. ಒಬ್ಬಾಕೆಗೆ ಅದು ಸೊಗಸು, ಇನ್ನೊಬ್ಬನಿಗೆ ಸುಳ್ಳು. ಇಬ್ಬರಲ್ಲಿ ಯಾರು ಸರಿ? ಆಡಿ ನೋಡದೆ ತಿಳಿಯುವಂತಿರಲಿಲ್ಲ. ಮರುದಿನ ತಿಂಡಿಯಾದ ಮೇಲೆ ಮಹಡಿಗೆ ಹೋಗಿ, "ನಂಗೂ ಆಡೋದು ಹೇಳ್ಕೊಡಿ" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು, ಕಂಟ್ರೋಲರನ್ನು ನನ್ನ ಎರಡೂ ಕೈಗೆ ಕೊಟ್ಟರು.

ಮೊದಲ ದಿನ ನನ್ನ ಹುಡುಗಿ ಗೋಡೆಗೆ ಹಣೆ ಚಚ್ಚಿಕೊಂಡದ್ದೇ ಆಯಿತು. ಎರಡನೆಯ ದಿನ ಒಂದು ಕೆಸರುಭೂತವನ್ನು ಹೊಡೆದೆ, ಕೂಗಿದ ಕೂಗಿಗೆ ಎದುರುಮನೆಯವರು ಬಾಲ್ಕನಿಗೆ ಬಂದರು. ಐದನೆಯ ದಿನ ಮೂರನೆಯ ತೂಬು ತಲುಪಿದೆ. ಕಾಲುವೆ ಅಲ್ಲಿ ಎರಡಾಗಿ ಕವಲೊಡೆಯುತ್ತಿತ್ತು. ಮುದುಕ ಹೇಳಿದ: 'ತೂಬಿನಿಂದ ಬಲಕ್ಕೆ ಸಾಗು.' ಬಲಕ್ಕೆ ಹೋದೆ. ಗುಂಡಿಗೆ ಬಿದ್ದೆ. ಮತ್ತೆ ಹೋದೆ, ಮತ್ತೆ ಬಿದ್ದೆ.

ಕೋಡಿನವಳು ಪಕ್ಕದಲ್ಲೇ ಇದ್ದಳು. ದಾರಿ ಹೇಳಿಬಿಡುತ್ತಿದ್ದಳೇನೋ, ನಾನೇ ಬೇಡ ಎಂದು ಕೆಳಗಿಳಿದು ಮಾವನ ಹತ್ತಿರ ಹೋದೆ. ಅವರು ಕುರ್ಚಿಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಮಾವ, ತೂಬಿಂದ ಬಲಕ್ಕೆ ಹೋಗು ಅಂದ್ರೆ ಯಾವ ಕಡೆ ಹೋಗ್ಬೇಕು?"

ಅವರು ತಲೆಯೆತ್ತಿದರು. "ಬಲ ಅಂದ್ರೆ ಯಾರ ಬಲ?"

"ಯಾರ ಬಲ ಅಂದ್ರೆ?"

"ಕೆರೆ ಕಡೆ ಮಕ ಮಾಡಿ ನಿಂತ್ರೆ ಒಂದು ಬಲ, ಗದ್ದೆ ಕಡೆ ಮಕ ಮಾಡಿ ನಿಂತ್ರೆ ಇನ್ನೊಂದು. ಸುಮ್ನೆ ಬಲ ಅಂತ ಯಾವನಮ್ಮಾ ಹೇಳಿದ್ದು?"

"ನೀವೇ ಹೇಳಿದ್ದಲ್ವಾ?"

"ನಾನ್ಯಾಕೆ ಅಂಗೇಳ್ಲಿ? ನೀರು ಬರೋ ಕಡೆ ಬೆನ್ನು ಮಾಡಿ ನಿಂತ್ಕೊ, ಆಗ ನಿನ್ ಬಲಗೈ ಯಾವ ಕಡೆ ಐತೋ ಆ ಕಡೆ ಹೋಗು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು."

ಕಪಾಟಿನಲ್ಲಿದ್ದ ಕರಡಿನ ಹಾಳೆಗಳನ್ನು ತೆಗೆದು ನೋಡಿದೆ. ಮಾವ ಹೇಳಿದ್ದು ಅಕ್ಷರ ಬಿಡದೆ ಅಲ್ಲಿತ್ತು. ಅದರ ಮೇಲೆ ನನ್ನ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ, 'ತೂಬಿನಿಂದ ಬಲಕ್ಕೆ ಸಾಗು.' ಉದ್ದವಾಯಿತು, ಗ್ರಾಮ್ಯವಾಯಿತು ಅಂದುಕೊಂಡು ಚೊಕ್ಕ ಮಾಡಿದ್ದೆ. ಗೇಮಿನ ಹುಡುಗಿ ನೀರಿಗೆ ಎದುರಾಗಿ ಬರುವವಳು, ಬೆನ್ನು ತಿರುಗಿಸಿ ನಿಂತರೆ ಅವಳ ಬಲ ಇನ್ನೊಂದು ಕವಲಿಗೆ. ಪರದೆಯಲ್ಲಿ ಚಿತ್ರದವಳು ನೀಲಿ ಚುಕ್ಕಿಗಳನ್ನು ಹರಿಸಿ ನೀರು ಬರುವ ದಿಕ್ಕನ್ನು ಅಷ್ಟು ಚಂದವಾಗಿ ತೋರಿಸಿದ್ದಳು. ಅದನ್ನು ನೋಡು ಎಂದು ಹೇಳುವ ಮಾತನ್ನೇ ನಾನು ಕಿತ್ತುಹಾಕಿದ್ದೆ. ಇಂಗ್ಲಿಷಿಗೆ ಹೋದದ್ದೂ ನನ್ನ ಸಾಲೇ.

ಹಾಳೆ ಹಿಡಿದು ಮಹಡಿ ಹತ್ತಿದೆ. ಮೊಣಕಾಲಿನ ನೋವೂ ತಿಳಿಯಲಿಲ್ಲ. "ಆ ಮನುಷ್ಯ ಸರಿಯಾಗೇ ಬರ್ದಿದಾನಮ್ಮ. ಸುಳ್ಳು ಹೇಳ್ತಿರೋದು ಮಾವ ಅಲ್ಲ, ನಾನು."

ಕೋಡಿನವಳು ಹಾಳೆಯನ್ನು ಎರಡು ಸಲ ಓದಿದಳು. ಬೈಯುತ್ತಾಳೆ ಅಂದುಕೊಂಡೆ. "ಆಂಟಿ, ದಾರಿ ನಮಗೆ ಮೊದ್ಲೇ ಗೊತ್ತಿತ್ತಲ್ಲ, ಅದಕ್ಕೇ ನಮಗೆ ಇದು ಕಾಣ್ಲೇ ಇಲ್ಲ," ಅಂದಳು. ಚಿತ್ರದವಳು ಆಗಲೇ ನಗಲು ಶುರು ಮಾಡಿದ್ದಳು. ಅಂದೇ ಕೂತು ನಾನು ತಿದ್ದಿದ್ದ ಅಷ್ಟೂ ಮಾತುಗಳನ್ನು ರೆಕಾರ್ಡಿಂಗಿನ ಜೊತೆ ಹೋಲಿಸಿದೆವು. ಇನ್ನೂ ಎರಡು ಕಡೆ ನನ್ನ ಜಾಣತನ ಸಿಕ್ಕಿತು. ಮಾವನ ಮಾತುಗಳು ಇದ್ದ ಹಾಗೇ ವಾಪಸ್ಸು ಹೋದವು. ಅಪ್‌ಡೇಟ್ ಬಿಟ್ಟು, ಆ ವಿಮರ್ಶಕನಿಗೆ ನಡೆದದ್ದನ್ನು ಒಂದು ಮೇಲ್‌ನಲ್ಲಿ ಬರೆದರು.

ಕೆಲವು ದಿನಗಳ ಮೇಲೆ ಅವನು ತನ್ನ ವಿಮರ್ಶೆಯ ಕೆಳಗೆ ನಾಲ್ಕು ಸಾಲು ಸೇರಿಸಿದ. ಮುದುಕನ ಕ್ಷಮೆ ಕೇಳುತ್ತೇನೆ, ಅವನ ಮಾತು ಕೇಳಿ ಮೊದಲ ಸಲ ನೀರಿನ ಕಡೆ ನೋಡಿದೆ ಎಂದಿದ್ದ. ಅಂಕ ಮಾತ್ರ ಆರೇ ಉಳಿಯಿತು. ಜಿಗಿತ ಇನ್ನೂ ಭಾರವಾಗಿದೆಯಂತೆ. ತಮಾಷೆಯೆಂದರೆ ಮುದುಕನನ್ನು ಹೊಗಳಿದ್ದ ಆಕೆ ಬೇಸರಪಟ್ಟಳು. ಒಗಟು ಹೋಯಿತು, ಯಾಕೆ ಸುಲಭ ಮಾಡಿದಿರಿ ಎಂದಳು. ನನ್ನ ತಪ್ಪನ್ನೂ ಪ್ರೀತಿಸಿದವರು ಒಬ್ಬರಿದ್ದರಲ್ಲ ಎಂದು ನಾನು ಬೆರಗಾದೆ. ಅವಳು ಹೇಳಿದ್ದು ಸುಳ್ಳು ಎನ್ನಲು ಇವತ್ತಿಗೂ ನನಗೆ ಧೈರ್ಯವಿಲ್ಲ.

ಇದನ್ನೆಲ್ಲ ಚಿತ್ರದವಳು ಮಾವನಿಗೆ ಓದಿ ಹೇಳಿದಳು. ಅಂಕದ ವಿಷಯ ಅವರ ಕಿವಿಗೆ ಹೋದಂತಿರಲಿಲ್ಲ.

"ಆ ಗುಂಡಿಗೆ ಬಿದ್ದೋನು ಯಾವೂರೋನು? ಅವರೂರಲ್ಲಿ ಕೆರೆ ಐತಾ?"

"ಗೊತ್ತಿಲ್ಲ ತಾತ."

"ಕೇಳು ಮತ್ತೆ."

ಅವಳು ಕೇಳಿ ಬರೆದಳು. ಉತ್ತರ ಬಂತು: ಕೆರೆಯಿಲ್ಲ, ಸಮುದ್ರವಿದೆ, ದಿನಕ್ಕೆರಡು ಸಲ ನೀರು ಬಂದು ಹೋಗುತ್ತದೆ, ಅದು ಒಳಗೆ ನುಗ್ಗದಂತೆ ಊರವರು ಅದಕ್ಕೊಂದು ಬಾಗಿಲು ಕಟ್ಟಿದ್ದಾರೆ.

ಮಾವ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. "ಸಮುದ್ರಕ್ಕೆ ಬಾಗಿಲಾ? ಅದನ್ನ ತೆಗೆಯೋರು ಯಾರಂತೆ, ಕೇಳವ್ವಾ," ಅಂದರು. ಅವಳು ಆಗಲೇ ಟೈಪ್ ಮಾಡುತ್ತಿದ್ದಳು.