ತಟ್ಟಿಯ ಹಿಂದಿನ ಬೆಳಕು

ಪಾಠ ಮಾಡುವ ಹೊನ್ನಾವರದ ಕಾಲೇಜಿಗೆ ಕೊಟ್ಟ ರಜಾ ಅರ್ಜಿಗಳ ಪ್ರತಿಗಳನ್ನು ನಾನು ಇಟ್ಟುಕೊಳ್ಳುತ್ತೇನೆ. ಮೂರು ವರ್ಷದವನ್ನು ಒಟ್ಟಿಗೆ ಹರಡಿ ನೋಡಿದಾಗ ಎಲ್ಲವೂ ಜೂನ್‌ನಿಂದ ಆಗಸ್ಟ್ ಒಳಗಿನವು. ಕಾರಣ ಪ್ರತಿಸಲವೂ ಜ್ವರ. ಒಮ್ಮೆಯೂ ಜ್ವರ ಇರಲಿಲ್ಲ. ಹೊನ್ನಾವರದ ಬಸ್ಸು ಹತ್ತಲು ಕೂದಲು ಬಾಚಿಕೊಳ್ಳಬೇಕಿತ್ತು. ಕೈ ಏಳುತ್ತಿರಲಿಲ್ಲ, ಅಷ್ಟೇ. ಇನ್ನೊಂದು ಅರ್ಜಿ ಬಂದರೆ ಪಾಠಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು.

ಕಡಲ ದಡದ ಬಾಡ ಊರಿನ ನಮ್ಮ ಮನೆಗೆ ಮಳೆ ಹಿಡಿಯುವ ಮೊದಲೇ ತೆಂಗಿನ ಗರಿಯ ತಟ್ಟಿ ಕಟ್ಟುತ್ತಾರೆ, ಜಗಲಿಯ ಮಾಡಿನಿಂದ ನೆಲದವರೆಗೆ. ಮಳೆಯ ಇರಚಲು ಒಳಗೆ ಬರುವುದಿಲ್ಲ. ಬೆಳಕೂ ಬರುವುದಿಲ್ಲ. ಅದೇ ಹೊತ್ತಿಗೆ ಮೀನು ಹಿಡಿಯುವುದು ನಿಂತು ಅಣ್ಣನ ಬೋಟು ದಡ ಸೇರುತ್ತದೆ.

"ಬೋಟೂ ಇವ್ಳೂ ಒಂದೇ ದಿನ ದಡ ಹತ್ತೂದು," ಎಂದು ಅವನು ನಗುತ್ತಿದ್ದ.

ನಾಲ್ಕನೆಯ ವರ್ಷ ಮಳೆ ಹಿಡಿದಾಗ ಕುಮಟೆಯ ವೈದ್ಯರಿಗೆ ತೋರಿಸಿದೆ. ಅವರು ಇದು ಮಳೆಗಾಲದ ಜೊತೆ ಬರುವ ಖಿನ್ನತೆ ಎಂದರು. ಮಾತ್ರೆ ಬರೆದುಕೊಟ್ಟು, ದಿನಾ ಬೆಳಿಗ್ಗೆ ಒಂದು ಗಂಟೆ ಬೆಳಕಿಗೆ ಕೂರಲು ಹೇಳಿದರು. ನನ್ನ ಕಿಟಕಿಯ ಎದುರಿನ ಒಂದು ತಟ್ಟಿ ಬಿಚ್ಚಲೇ ಎಂದು ಅಮ್ಮನನ್ನು ಕೇಳಿದೆ. ಅದರ ಹಿಂದೆ ಅವಳ ಒಣಮೀನಿನ ಬುಟ್ಟಿಗಳಿದ್ದವು. ಬೋಟು ನಿಂತ ತಿಂಗಳುಗಳಲ್ಲಿ ಅವಳು ಮಾರುವುದು ಅದನ್ನೇ.

"ಎಂತಾ ಕಾಯ್ಲೆನೆ ಅದು? ಜ್ವರ ಇಲ್ಲ, ಕೆಮ್ಮಿಲ್ಲ. ಉಂಡ್ಕಂಡು ಮಲಗೂ ಕಾಯ್ಲೆಯಾ?"

"ಬೆಳಕು ಬೇಕು."

"ಬಲ್ಬ್ ಹಾಕ್ಕ. ನನ್ನ ಮೀನು ನೆನ್ಸಬೇಡ."

ಭಾನುವಾರ ಅವಳು ಪೇಟೆಗೆ ಹೋದ ಮೇಲೆ ತಟ್ಟಿಯ ಹಗ್ಗ ಕೊಯ್ದೆ. ಬುಟ್ಟಿಗಳನ್ನು ಒಳಗೆ ಸರಿಸಬೇಕೆಂದು ಗೊತ್ತಿತ್ತು. ಎರಡು ಬುಟ್ಟಿ, ನಾಲ್ಕು ಹೆಜ್ಜೆ. ಬೆಳಕಿಗೆ ಮುಖ ಒಡ್ಡಿ ಕೂತವಳು ಏಳಲಿಲ್ಲ. ಗಾಳಿ ತಿರುಗಿತು. ಮಳೆ ಬುಟ್ಟಿಯ ಮೇಲೆ ಹೊಡೆಯುವುದನ್ನು ನೋಡುತ್ತಲೇ ಕೂತಿದ್ದೆ.

ಪೇಟೆಯಿಂದ ಬಂದ ಅಮ್ಮ ಬುಟ್ಟಿಗಳನ್ನು ಒಳಗೆ ಎಳೆದಳು. ನೆನೆದ ಮೀನನ್ನು ಒಲೆಯ ಮೇಲಿನ ಅಟ್ಟದಲ್ಲಿ ಆರಿಸಿದಳು. ಒಂದು ವಾರದಲ್ಲಿ ಬೂಸ್ಟು ಹಿಡಿದದ್ದನ್ನು ಹೆಕ್ಕಿ ಬೇರೆ ಇಟ್ಟಳು. ಮರುದಿನ ನನ್ನ ಊಟದ ಡಬ್ಬಿಗೆ ಅದನ್ನೇ ಸುಟ್ಟು ಹಾಕಿದಳು.

"ತಿನ್ನು. ನಿನ್ನ ಬೆಳಕಿನ ರುಚಿ ಹೆಂಗಿದೆ ನೋಡು."

ಅಣ್ಣ ಆ ದಿನ ನಗಲಿಲ್ಲ.

ತಟ್ಟಿಯನ್ನು ಅವಳು ಮತ್ತೆ ಕಟ್ಟಲಿಲ್ಲ. ಉಳಿದ ಮೀನನ್ನು ಅಡುಗೆಮನೆಗೆ ಒಯ್ದಳು. ಬೂಸ್ಟಿನ ಮೀನು ಮುಗಿಯುವವರೆಗೆ ನನಗೆ ಬೇರೆ ಏನೂ ಕಟ್ಟಲಿಲ್ಲ. ಸ್ಟಾಫ್‌ರೂಮಿನಲ್ಲಿ ಡಬ್ಬಿ ತೆರೆದರೆ ಪಕ್ಕದವರು ಕುರ್ಚಿ ಸರಿಸುತ್ತಿದ್ದರು. ನಾನು ಕೊನೆಯ ಮುಳ್ಳಿನವರೆಗೂ ತಿಂದೆ. ದಿನಾ ಬೆಳಿಗ್ಗೆ ಒಂದು ಗಂಟೆ ಕೂತು, ಮಾತ್ರೆ ನುಂಗಿ, ಕೂದಲು ಬಾಚಿ, ಬಸ್ಸು ಹತ್ತಿದೆ. ಆ ಮಳೆಗಾಲ ಒಂದೂ ಅರ್ಜಿ ಬರೆಯಲಿಲ್ಲ.