ಏಳು ಮನೆಗೆ ಒಂದು ಕೋವಿ

ಕಳೆದ ಲೋಕಸಭಾ ಚುನಾವಣೆಯ ವರ್ಷ ನಾನು ಸುಳ್ಯ ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಎ.ಎಸ್.ಐ. ಆಗಿದ್ದೆ. ನಿವೃತ್ತಿಗೆ ನಾಲ್ಕೇ ತಿಂಗಳು ಬಾಕಿ. ಮೊಣಕಾಲು ನೋವು, ಬಿ.ಪಿ. ಮಾತ್ರೆ, ಸಾಲದ್ದಕ್ಕೆ ಏಪ್ರಿಲಿನ ಸೆಖೆ.

ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಕಡೆಯ ಠಾಣೆಗಳಿಗೆ ಬೀಳುವ ಮೊದಲ ಕೆಲಸ ಕೋವಿ ಜಮೆ ಮಾಡಿಸಿಕೊಳ್ಳುವುದು. ಕಾಡಂಚಿನ ಕೃಷಿಕರಲ್ಲಿ ಅನೇಕರ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುತ್ತದೆ. ಫಲಿತಾಂಶ ಬರುವವರೆಗೂ ಅವು ಠಾಣೆಯಲ್ಲಿರಬೇಕು. ಹಂದಿಗೂ ಆನೆಗೂ ನೀತಿ ಸಂಹಿತೆ ಹೇಳುವವರು ಯಾರು? ನಿಜವಾಗಿ ಅಪಾಯವಿದ್ದವರು ಅರ್ಜಿ ಕೊಟ್ಟರೆ ಸ್ಕ್ರೀನಿಂಗ್ ಸಮಿತಿ ವಿನಾಯಿತಿ ಕೊಡಬಹುದು. ಅದಕ್ಕೆ ಸ್ಥಳ ಪರಿಶೀಲನೆ ಮಾಡಿ ವರದಿ ಬರೆಯಬೇಕಾದವನು ನಾನು.

ಸಂಪಾಜೆ ಕಡೆಯ ಗುಡ್ಡದಿಂದ ಹೊನ್ನಪ್ಪ ಗೌಡರು ಅರ್ಜಿ ಹಿಡಿದು ಬಂದರು. ಎಪ್ಪತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

"ಆನೆ ಉಂಟು ಸರ್. ವಾರದಲ್ಲಿ ಮೂರು ದಿನ ಕೆಳಗೆ ಇಳಿತದೆ. ಈ ಸಲ ಕೋವಿ ನನ್ನ ಹತ್ರವೇ ಇರ್ಲಿ. ಒಮ್ಮೆ ಬಂದು ನೋಡಿ."

ಕಡತದಲ್ಲಿ ಅವರ ಜಮೀನು ಬರೀ ಒಂದೂವರೆ ಎಕರೆ. "ಇಷ್ಟು ಜಾಗಕ್ಕೆ ಕೋವಿ ಬೇಕೇ ಬೇಕಾ ಮಾರಾಯ್ರೆ? ಎಲ್ಲರೂ ಹೀಗೇ ಕೇಳಿದ್ರೆ ನಾನು ಎಂತ ಮಾಡುದು?" ಎಂದೆ. ಅವರು ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟರು.

ಆ ಊರಿಗೆ ಜೀಪು ಇಳಿದ ಮೇಲೆ ಎರಡು ಕಿಲೋಮೀಟರ್ ಏರು. ನೆನೆದರೇ ಸುಸ್ತು. ಠಾಣೆಯಲ್ಲೇ ಕುಳಿತು, ಸ್ಥಳ ಪರಿಶೀಲಿಸಲಾಗಿದೆ, ವಿಶೇಷ ಅಪಾಯ ಕಂಡುಬಂದಿಲ್ಲ ಎಂದು ಬರೆದು ಕಳಿಸಿದೆ. ಅರ್ಜಿ ತಿರಸ್ಕೃತವಾಯಿತು, ನನ್ನ ವರದಿಯ ಒಂದು ಪ್ರತಿ ಗೌಡರಿಗೂ ಹೋಯಿತು. ಮರುದಿನವೇ ಅವರು ಕೋವಿ ತಂದೊಪ್ಪಿಸಿ, ರಶೀದಿ ಮಡಚಿ ಕಿಸೆಗಿಟ್ಟುಕೊಂಡು ಹೋದರು.

ಮತದಾನಕ್ಕೆ ಒಂದು ವಾರವಿರುವಾಗ ಬೆಳಿಗ್ಗೆ ಫೋನು ಬಂತು. ರಬ್ಬರ್ ಟ್ಯಾಪಿಂಗಿಗೆ ಹೊರಟ ಸುಶೀಲಾ ಎಂಬ ಹೆಂಗಸನ್ನು ಆನೆ ಎತ್ತಿ ಬಿಸಾಡಿದೆ, ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದ್ದಾರೆ. ಊರು ಯಾವುದೆಂದು ಕೇಳಿದರೆ, ಹೊನ್ನಪ್ಪ ಗೌಡರದ್ದೇ. ಆ ದಿನ ಅದೇ ಮೊಣಕಾಲು ಆ ಏರನ್ನು ಹತ್ತಿತು ನೋಡಿ!

ಮೇಲೆ ಏಳು ಮನೆಗಳು. ಎಲ್ಲರೂ ಗೌಡರ ಅಂಗಳದಲ್ಲಿ ಸೇರಿದ್ದರು. ನೆರೆಮನೆಯ ಹೆಂಗಸೊಬ್ಬರು ಹೇಳಿದರು: "ಏಳು ಮನೆಗೂ ಕೋವಿ ಅದೊಂದೇ ಸರ್. ಯಾರು ಫೋನು ಮಾಡಿದ್ರೂ ಗೌಡ್ರೇ ಹೋಗುದು. ಬೆಳಿಗ್ಗೆ ಅವರು ಒಂದು ಸುತ್ತು ನೋಡಿ, ಆನೆ ಇದ್ರೆ ಮೇಲಕ್ಕೊಂದು ಈಡು ಹೊಡೆದು ಓಡಿಸಿದ ಮೇಲೆಯೇ ಸುಶೀಲಕ್ಕ ತೋಟಕ್ಕೆ ಇಳಿಯುದು." ಕೋವಿ ಹೋದ ಮೇಲೆ ಪಟಾಕಿ ಸಿಡಿಸಿದ್ದರಂತೆ. ನಾಲ್ಕೇ ದಿನದಲ್ಲಿ ಆನೆಗೆ ಅದು ಅಭ್ಯಾಸವಾಗಿತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿದ್ದೂ ಗೌಡರ ಮೇಲೆಯೇ ಹಾರಿದೆ. "ಏಳು ಮನೆಯ ವಿಷಯ ಅರ್ಜಿಯಲ್ಲಿ ಬರೀಬಾರದಿತ್ತಾ?"

"ಅದರಲ್ಲಿ ಬರಿಲಿಕ್ಕೆ ಎಂತ ಉಂಟು ಸರ್? ನೆರೆಮನೆಗೆ ಹೋಗುದಲ್ವಾ?" ಎಂದರು ಗೌಡರು. ಅರ್ಜಿಯ ನಮೂನೆಯಲ್ಲಿ ಕೇಳಿದ್ದು ಸ್ವಂತ ಬೆಳೆಯ ವಿವರ. ಅವರು ಸ್ವಂತದ್ದನ್ನಷ್ಟೇ ಬರೆದಿದ್ದರು.

ಮಾರನೆಯ ದಿನ ಹೇಳಿಕೆ ಪಡೆಯಲು ಪುತ್ತೂರಿಗೆ ಹೋದೆ. ಸುಶೀಲಾರ ಸೊಂಟದ ಮೂಳೆ ಮುರಿದಿತ್ತು. ಗಂಡ ತೀರಿಕೊಂಡವರು, ಮಗಳು ಪಿಯುಸಿ ಓದುತ್ತಿದ್ದಾಳೆ, ಜೀವನಕ್ಕೆ ಇನ್ನೂರು ರಬ್ಬರ್ ಮರ. ಇನ್ನು ಗುಡ್ಡ ಹತ್ತುವುದು ಕಷ್ಟ ಎಂದು ಡಾಕ್ಟರು ಹೊರಗೇ ಹೇಳಿದ್ದರು. ನಾನು ಕಾಗದ ತೆಗೆಯುತ್ತಿದ್ದಂತೆ ಆಕೆಯೇ ಮಾತು ಶುರು ಮಾಡಿದರು.

"ಗೌಡ್ರ ಮೇಲೆ ಎಂತದೂ ಬರಿಬೇಡಿ ಸರ್. ಕೋವಿ ಕೊಡದಿದ್ರೆ ಅವರಿಗೇ ಕೇಸು ಆಗ್ತಿತ್ತು. ಪೊಲೀಸಿನವರದ್ದೂ ತಪ್ಪಿಲ್ಲ. ಬಂದು ಜಾಗ ನೋಡಿಯೇ ಬರೆದದ್ದಂತೆ, ಗೌಡ್ರು ಕಾಗದ ಓದಿ ಹೇಳಿದ್ರು. ಅವರು ಬಂದ ದಿನ ಆನೆ ಇರ್ಲಿಲ್ಲ ಕಾಣ್ತದೆ. ಪಾಪ, ಅಷ್ಟು ದೂರ ಹತ್ತಿ ಬಂದಿದ್ರಲ್ಲ, ನಾವು ಯಾರಾದ್ರೂ ಕಂಡಿದ್ರೆ ಒಂದು ಗ್ಲಾಸು ನೀರಾದ್ರೂ ಕೊಡ್ತಿದ್ದೆವು."

ತಲೆ ಬಗ್ಗಿಸಿ ಹೇಳಿಕೆ ಬರೆದೆ, ಓದಿ ಹೇಳಿದೆ, ಸಹಿ ಹಾಕಿಸಿಕೊಂಡೆ.

ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನಾನು ಬರೆದ ವರದಿಗಳಿಗೆ ಲೆಕ್ಕವಿಲ್ಲ. ಕಡತ ಸೇರುವ ಕಾಗದವನ್ನು ಯಾರು ಓದುತ್ತಾರೆ, ಓದಿದರೂ ಯಾರು ನಂಬುತ್ತಾರೆ ಎಂಬ ಉದಾಸೀನದಲ್ಲೇ ಎಷ್ಟನ್ನೋ ಬರೆದು ಮುಗಿಸಿದೆ. ಆ ಗುಡ್ಡದ ಏಳು ಮನೆಯವರು ನನ್ನ ಒಂದೊಂದು ಅಕ್ಷರವನ್ನೂ ನಂಬಿದ್ದರು.