ಹಸಿ ಗೋಡೆಗೆ ಹೊದಿಸಿದ ತಾಡಪತ್ರಿ

ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರು ಆಗಿನ್ನೂ ಔರಂಗಾಬಾದ್ ಆಗಿತ್ತು. ಅಲ್ಲಿ ನಾವು ಬಾಡಿಗೆಗಿದ್ದ ಮನೆಯ ಚಾವಣಿಯ ಗಿಲಾವು ಒಂದು ಮಧ್ಯಾಹ್ನ ಕಳಚಿ ನನ್ನ ಮಗಳ ತೊಟ್ಟಿಲೊಳಗೆ ಬಿತ್ತು. ಮಗು ತೊಟ್ಟಿಲಲ್ಲಿ ಇರಲಿಲ್ಲ. ಹಸಿದು ಅತ್ತಿದ್ದಕ್ಕೆ ಆಗಷ್ಟೇ ಎತ್ತಿಕೊಂಡು ಅಡುಗೆಮನೆಗೆ ಬಂದಿದ್ದೆ. ಶಬ್ದ ಕೇಳಿ ಓಡಿಹೋಗಿ ನೋಡಿದರೆ ಹಿಟ್ಟು ನಾದುವ ಪರಾತದಷ್ಟು ಅಗಲದ ಸಿಮೆಂಟಿನ ಚಕ್ಕೆ, ಸುತ್ತ ಪುಡಿ, ತೊಟ್ಟಿಲ ಒಂದು ಹಗ್ಗ ಹರಿದು ಜೋತಾಡುತ್ತಿತ್ತು. ಮನೆಮಾಲೀಕ ಬಂದು ನೋಡಿ, "ಹೋತಂ ಅಸಂ," ಅಂದ. ಆಗುತ್ತಿರುತ್ತದೆ ಹೀಗೆ, ಎಂದು. ಅಂದಿನಿಂದ ಯಾರ ಮನೆಗೆ ಹೋದರೂ ಕೂರುವ ಮೊದಲು ನನ್ನ ಕಣ್ಣು ಚಾವಣಿಗೆ ಹೋಗುತ್ತಿತ್ತು.

ಕೆಲವು ವರ್ಷಗಳ ನಂತರ ನನಗೆ ನಾಸಿಕಕ್ಕೆ ವರ್ಗವಾಯಿತು. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿದ್ದೆ. ಬ್ಯಾಂಕಿನಲ್ಲಿದ್ದ ಯಜಮಾನರನ್ನು ಮರಾಠವಾಡದ ಒಳಗಿನ ಒಂದು ಶಾಖೆಗೆ ಹಾಕಿದ್ದರು, ರವಿವಾರಕ್ಕೊಮ್ಮೆ ಬರುತ್ತಿದ್ದರು. ನಮ್ಮೂರು ಧಾರವಾಡಕ್ಕೆ ಮರಳುವ ಮಾತು ದೂರವಾಗುತ್ತ ಬಂದಾಗ ನಾಸಿಕದ ಅಂಚಿನಲ್ಲಿ ಒಂದು ಸಣ್ಣ ಜಾಗ ಹಿಡಿದು ಮನೆ ಕಟ್ಟಿಸತೊಡಗಿದೆವು. ಇಟ್ಟಿಗೆಯ ಗೋಡೆಗಳು ಎದ್ದವು, ಸ್ಲ್ಯಾಬ್ ಬಿತ್ತು. ಗಿಲಾವಿನ ಕೆಲಸಕ್ಕೆ ಬೇರೆ ಗುತ್ತಿಗೆದಾರ ಬೇಕಿತ್ತು. ಅಲ್ಲಿಗೆ ಬಂದು ನಾನು ನಿಂತುಬಿಟ್ಟೆ.

ಬಂದವರೇನೂ ಕಡಿಮೆಯಿರಲಿಲ್ಲ. ಒಬ್ಬ ತಾನು ಮಾಡಿದ ಬಂಗಲೆಗಳ ಫೋಟೋಗಳನ್ನು ಮದುವೆಯ ಆಲ್ಬಮ್ಮಿನಲ್ಲಿ ಅಂಟಿಸಿಕೊಂಡು ತಂದಿದ್ದ. ಇನ್ನೊಬ್ಬ ಗಂಟಲು ಮುಟ್ಟಿಕೊಂಡು ತ್ರ್ಯಂಬಕೇಶ್ವರನ ಆಣೆ ಇಟ್ಟ. ಇಬ್ಬರೂ ಒಳ್ಳೆಯವರೇ ಇದ್ದಿರಬೇಕು. ಆದರೆ ಹೊಳೆಯುವ ಫೋಟೋ ನೋಡಿದಾಗಲೂ ಆಣೆ ಕೇಳಿದಾಗಲೂ ನನ್ನ ಕಣ್ಣಮುಂದೆ ಆ ತೊಟ್ಟಿಲೇ ಬರುತ್ತಿತ್ತು. "ನೋಡಿ ಹೇಳತೀನಿ," ಎಂದು ಕಳಿಸಿಬಿಡುತ್ತಿದ್ದೆ. ಯಜಮಾನರು ಮೊದಮೊದಲು ನಕ್ಕರು, ಆಮೇಲೆ ಬೇಸರಪಟ್ಟುಕೊಂಡರು.

ಒಂದು ದಿನ ಪಂಚವಟಿಯ ಓಣಿಯೊಂದರಲ್ಲಿ ಹೋಗುತ್ತಿದ್ದಾಗ ಕಟ್ಟುತ್ತಿದ್ದ ಮನೆಯ ಒಳಗಿನಿಂದ ಕನ್ನಡ ಕೇಳಿಸಿತು. ಹೆಂಗಸಿನ ದೊಡ್ಡ ದನಿ, ವಿಜಾಪುರದ ಕಡೆಯ ಕನ್ನಡ.

"ಅದು ಸತ್ತ ಮಾಲು. ಉಣ್ಣಾಕ ಹೋಗೂ ಮುಂದ ಕಲಿಸಿಟ್ಟು ಹೋಗಿದ್ದಿ, ಈಗ ನೀರು ಹಾಕಿ ಎಬ್ಬಸ್ತೀ ಏನು? ಸತ್ತದ್ದು ಏಳೂದಿಲ್ಲ. ಚೆಲ್ಲು ಹೊರಗ."

ಇಣುಕಿ ನೋಡಿದೆ. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಇಳಕಲ್ ಸೀರೆಯ ಕಚ್ಚೆ ಕಟ್ಟಿ, ಸೊಂಟಕ್ಕೆ ಗಾರೆ ಬಳಿಯುವ ಕರಣಿ ಸಿಕ್ಕಿಸಿಕೊಂಡು ನಿಂತಿದ್ದಳು. ಗಾರೆಕೆಲಸದ ಗೌಂಡಿಯೊಬ್ಬ ಬುಟ್ಟಿಗಟ್ಟಲೆ ಕಲಸಿದ ಸಿಮೆಂಟನ್ನು ಹೊರಗೆ ಸುರಿಯುತ್ತಿದ್ದ. ಗಂಡಸು ಗುತ್ತಿಗೆದಾರರನ್ನೇ ನೋಡಿದ್ದ ನನಗೆ ಇವಳೇ ಗುತ್ತಿಗೆದಾರಳೆಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಇಂಡಿ ತಾಲೂಕಿನವಳು. ಗಂಡ ತೀರಿಕೊಂಡ ಮೇಲೆ ಅವನ ತಂಡವನ್ನು ತಾನೇ ನಡೆಸುತ್ತಿದ್ದಳು.

"ಅಕ್ಕಾರ, ನಮ್ಮನಿ ಗಿಲಾವು ಮಾಡತೀರೇನ್ರಿ?" ಎಂದೆ.

ಕನ್ನಡ ಕೇಳಿ ಅವಳ ಮುಖ ಅರಳಿತು, ಆದರೆ ಕೂಡಲೇ ಹೂಂ ಅನ್ನಲಿಲ್ಲ. "ಹೆಂಗ ನಂಬತೀರಿ ಬಾಯಾರ? ಭಾಷಾ ಒಂದ ಐತಿ ಅಂತನ?"

ನನ್ನ ಮುಖ ನೋಡಿ ನಕ್ಕಳು. "ನಾಳೆ ಬರ್ರಿ. ನಾ ಮಾಡಿದ್ದು ತೋರಸ್ತೀನಿ," ಅಂದಳು.

ಮರುದಿನ ಅವಳು ನನ್ನನ್ನು ಕರೆದೊಯ್ದದ್ದು ಗೋದಾವರಿಯ ಆಚೆಗಿನ ಒಂದು ಹಳೆಯ ಮನೆಗೆ. ಅಂಗಳದಲ್ಲಿ ನಿಂತು, "ಇದು ನನ್ನ ಎಲ್ಲಾಕ್ಕಿಂತ ಕೆಟ್ಟ ಕೆಲಸ. ಇದನ್ನ ಮೊದಲ ನೋಡ್ರಿ," ಅಂದಳು. ಗೋಡೆಯ ಮೂಲೆಯಿಂದ ಕಿಟಕಿಯವರೆಗೆ ಒಂದು ಬಿರುಕು ಇಳಿದಿತ್ತು. ಮನೆಯ ಒಡತಿ ಹೊರಗೆ ಬಂದವಳೇ ಮರಾಠಿಯಲ್ಲಿ ಶುರು ಮಾಡಿದಳು: ಗೋಡೆ ಕೆಟ್ಟಿತು, ಬಣ್ಣ ನಿಲ್ಲುವುದಿಲ್ಲ, ನೆಂಟರೆದುರು ನಾಚಿಕೆ. ಗುತ್ತಿಗೆದಾರಳು ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು. ಅಡಿಪಾಯ ಕುಸಿದದ್ದಕ್ಕೆ ಹಾಗಾಯಿತು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ ಒಡತಿಯೇ ಅದನ್ನು ಹೇಳಿದಳು. ಬೈದು ಮುಗಿಸಿ, ನನ್ನ ಕಡೆ ತಿರುಗಿ, "ಇವಳಿಗೇ ಕೊಡಿ. ಪ್ರತಿ ಮಳೆಗಾಲ ಆದಮೇಲೆ ಕರೆಯದೆಯೇ ಬಂದು ಇದನ್ನು ನೋಡಿ ಹೋಗುತ್ತಾಳೆ," ಎಂದು ಹೇಳಿ ಇಬ್ಬರಿಗೂ ಚಹಾ ತಂದಳು.

ತಮ್ಮ ಕೆಟ್ಟ ಕೆಲಸದ ಎದುರು ಅಷ್ಟು ನೆಟ್ಟಗೆ ನಿಂತವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಉಳಿದ ಮನೆಗಳನ್ನು ನೋಡುವುದು ಬೇಡವೆಂದೆ.

ಆ ವಾರವೇ ತಂಡ ಬಂತು. ಅವಳ ಮೈದುನರು, ಸೊಸೆಯಂದಿರು, ಊರ ಕಡೆಯ ಇನ್ನಷ್ಟು ಜನ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಬಿದಿರು ನೆಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಎಳೆದು ಗುಡಿಸಲು ಹಾಕಿಕೊಂಡರು. ಬೆಳಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು; ಆಗ ನಾವು ಎದುರಿನ ಚಾಳಿನಲ್ಲಿದ್ದೆವು. ಕನ್ನಡ ಕೇಳಿ ಮರಾಠಿಯಲ್ಲಿ ಉತ್ತರಿಸುತ್ತಿದ್ದ ನನ್ನ ಮಗಳು ಹದಿನೈದು ದಿನದಲ್ಲಿ "ಯಾಕ್ಬೇ ಯವ್ವಾ" ಎನ್ನತೊಡಗಿದಳು.

ಒಳಗಿನ ಗೋಡೆಗಳು ಮುಗಿದವು. ಉಳಿದದ್ದು ಪೂರ್ವದ ಹೊರಗೋಡೆ, ಮನೆಯಲ್ಲೇ ಎತ್ತರದ್ದು. ಅದನ್ನು ಅರ್ಧ ಇವತ್ತು ಅರ್ಧ ನಾಳೆ ಮಾಡಿದರೆ ನಡುವೆ ಜೋಡಣೆಯ ಗೆರೆ ಉಳಿದು ಅಲ್ಲಿಂದಲೇ ನೀರು ಹಿಡಿಯುತ್ತದೆ ಎಂದು ಅವಳು ಒಂದೇ ದಿನದಲ್ಲಿ ಮುಗಿಸುವುದೆಂದು ಗೊತ್ತು ಮಾಡಿದಳು. ನಾನು ರಜೆ ಹಾಕಿ ಕೂತೆ. ಕೆಳಗೆ ಉಸುಕು ಸಿಮೆಂಟು ಕಲಸುವವರು, ಬುಟ್ಟಿ ಏರಿಸುವವರು, ಬಿದಿರಿನ ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತು ಗೋಡೆಗೆ ಎರಚುವವರು. ಕರಣಿಯಿಂದ ಹಾರಿದ ಮಾಲು ಗೋಡೆಗೆ ಬಿದ್ದು ಅಂಟುವ ಸದ್ದು ಬೆಳಗಿನಿಂದ ಒಂದೇ ತಾಳದಲ್ಲಿ ನಡೆಯಿತು. ಇಟ್ಟಿಗೆಯ ಕೆಂಪು ಮೇಲಿನಿಂದ ಕೆಳಕ್ಕೆ ಮಾಯವಾಗುತ್ತ ಬಂತು. ಯಾರೂ ಯಾರನ್ನೂ ಕೂಗಿ ಕರೆಯಲಿಲ್ಲ. ಒಬ್ಬಳ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಇನ್ನೊಬ್ಬಳ ಬುಟ್ಟಿ ಮೇಲೆ ಬಂದಿರುತ್ತಿತ್ತು. ನಾನು ತಂದಿದ್ದ ಹೆಣಿಗೆ ಮಡಿಲಲ್ಲೇ ಉಳಿಯಿತು.

ಮಧ್ಯಾಹ್ನ ಇಳಿಯುವಾಗ ಗೋಡೆ ಮುಗಿಯುತ್ತ ಬಂದಿತ್ತು. ಪೂರ್ವಕ್ಕೆ, ನಿಫಾಡದ ದಿಕ್ಕಿನಲ್ಲಿ ಆಕಾಶ ಕಪ್ಪಾಯಿತು. ದ್ರಾಕ್ಷಿ ಕೊಯ್ಲಿನ ದಿನಗಳು, ಮಳೆಯ ಕಾಲವೇ ಅಲ್ಲ. ತಣ್ಣನೆ ಗಾಳಿ ಬೀಸಿತು, ಮೊದಲ ಆಲಿಕಲ್ಲು ನೀರಿನ ಡ್ರಮ್ಮಿನ ಮೇಲೆ ಠಣ್ಣೆಂದು ಬಿತ್ತು.

ಅವಳು ಅಟ್ಟಣಿಗೆಯ ಮೇಲಿಂದ ಒಮ್ಮೆ ಆಕಾಶ, ಒಮ್ಮೆ ಗೋಡೆ ನೋಡಿದಳು. "ತಾಡಪತ್ರಿ ತರ್ರಿ," ಅಂದಳು.

ಯಾವ ತಾಡಪತ್ರಿ ಎಂದು ನನಗೆ ತಿಳಿಯಲಿಲ್ಲ. ಅವರಿಗೆ ತಿಳಿಯಿತು. ಎಲ್ಲರೂ ತಮ್ಮ ಗುಡಿಸಲಿನ ಕಡೆ ಓಡಿದರು, ಹಗ್ಗ ಬಿಚ್ಚಿ ತಮ್ಮ ತಲೆಯ ಮೇಲಿನ ಸೂರನ್ನೇ ಎಳೆದುಕೊಂಡು ಬಂದರು. ಹಿಂದೆ ಬಿದಿರ ಗಳಗಳು ಮಾತ್ರ ಉಳಿದವು. ಅವುಗಳ ನಡುವೆ ಬಯಲಿಗೆ ಬಿದ್ದ ಹಾಸಿಗೆ, ಕೌದಿ, ಹಿಟ್ಟಿನ ಡಬ್ಬಿ, ಒಲೆ.

"ಅಕ್ಕಾರ, ನಿಮ್ಮ ಸಾಮಾನು ತೊಯ್ತಾವಲ್ರಿ," ಎಂದೆ.

"ಹಾಸಗಿ ನಾಳೆ ಬಿಸಲಿಗೆ ಒಣಗತಾವ ಬಾಯಾರ. ಇದು ಈಗ ತೊಳಕೊಂಡು ಹೋತಂದ್ರ ತಿರುಗಿ ಬರೂದಿಲ್ಲ. ಆ ತುದಿ ಹಿಡೀರಿ. ಗ್ವಾಡಿಗೆ ತಾಗಬಾರದು."

ಕಷ್ಟವಿದ್ದದ್ದು ಅದೇ. ತಾಡಪತ್ರಿ ಹಸಿ ಗೋಡೆಗೆ ತಾಗಿದರೆ ಗಿಲಾವು ಕಿತ್ತು ಬರುತ್ತದೆ. ಗಾಳಿಗೆ ಉಬ್ಬಿ ಎಳೆದಾಡುವ ಅದನ್ನು ಗೋಡೆಯಿಂದ ಗೇಣು ದೂರ ಹಿಡಿದೇ ನಿಲ್ಲಬೇಕು. ಅಟ್ಟಣಿಗೆಯ ಮೇಲಿದ್ದವರು ಮೇಲಿನ ಅಂಚನ್ನು ತಲೆಯ ಮೇಲೆತ್ತಿ ಹಿಡಿದರು, ಕೆಳಗಿನವರು ತುದಿ ಹಿಡಿದು ಬಗ್ಗಿ ನಿಂತರು. ಆಲಿಕಲ್ಲು ಅವರ ಬೆನ್ನು, ಭುಜ, ಬರಿದಲೆಯ ಮೇಲೆ ಬಿತ್ತು. ತುದಿ ಸ್ವಲ್ಪ ಹೊತ್ತಿಗೇ ನನ್ನ ಕೈಯಿಂದ ಜಾರತೊಡಗಿತು. ಪಕ್ಕದಲ್ಲಿದ್ದ ಅವಳ ಸೊಸೆ ನನ್ನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟು ಬಿಗಿಯಾಗಿ ಹಿಡಿದಳು. ತಾಡಪತ್ರಿಯ ಮೇಲೆ ಕಲ್ಲು ಸುರಿಯುವ ಸದ್ದು, ಅದರ ಹಿಂದೆ ಹಸಿ ಸಿಮೆಂಟಿನ ವಾಸನೆ. ತಲೆಯೆತ್ತಿ ನೋಡಿದೆ. ಕಪ್ಪು ಆಕಾಶದ ಕೆಳಗೆ ಸಾಲಾಗಿ ಮೇಲೆದ್ದ ಆ ಕೈಗಳು ಯಾವುದೋ ದೊಡ್ಡ ದೇವರ ಕೈಗಳ ಹಾಗೆ ಕಂಡವು. ನನಗೆ ಅಳು ಬಂತು. ಮಳೆಯಲ್ಲಿ ಯಾರಿಗೂ ಕಾಣಲಿಲ್ಲ.

ಮಳೆ ಬಂದ ಹಾಗೇ ಹೋಯಿತು. ತಾಡಪತ್ರಿ ಇಳಿಸಿದಾಗ ಗೋಡೆ ಹಾಗೆಯೇ ಇತ್ತು, ನಯವಾಗಿ, ಒದ್ದೆಯ ಬೂದುಬಣ್ಣದಲ್ಲಿ. ಅವಳ ಹಣೆಯ ಮೇಲೆ ಆಲಿಕಲ್ಲು ತಾಗಿ ರಕ್ತ ಒಸರುತ್ತಿತ್ತು. ಸೆರಗಿನಿಂದ ಒತ್ತಿಕೊಂಡು ಮತ್ತೆ ಮೇಲೆ ಹತ್ತಿದಳು, ಉಳಿದ ಮೂಲೆ ಮುಗಿಸಿಯೇ ಇಳಿದಳು. ಅವರ ಹಿಟ್ಟೆಲ್ಲ ಮುದ್ದೆಯಾಗಿತ್ತು. ಸಂಜೆ ಚಾಳಿನ ಹೆಂಗಸರೆಲ್ಲ ಸೇರಿ ಅನ್ನ, ಕಡಲೆಹಿಟ್ಟಿನ ಪಿಠಲೆ ಮಾಡಿದೆವು. ಕೌದಿಗಳು ಒಣಗುವ ತನಕ ತಂಡ ನಮ್ಮ ಹೊಸ ಮನೆಯಲ್ಲೇ ಮಲಗಿತು. ಗೃಹಪ್ರವೇಶಕ್ಕೆ ಮೊದಲೇ ಮನೆ ಜನ ಕಂಡಿತು. ಆ ರವಿವಾರ ಬಂದ ಯಜಮಾನರು ವಿಷಯ ಕೇಳಿ ಆ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದರು.

ಕೆಲಸ ಮುಗಿದಾಗ ಅವಳಿಗೆ ಔರಂಗಾಬಾದಿನ ಕಡೆ ಬೇರೆ ಕೆಲಸ ಸಿಕ್ಕಿತ್ತು. ನನಗೂ ಅಲ್ಲಿ ಕಚೇರಿಯ ಕೆಲಸವಿತ್ತು. ಒಂದೇ ಬಸ್ಸಿನಲ್ಲಿ ಹೋದೆವು. ಮರುದಿನ ವೇರೂಳಿನ ಗುಹಾದೇವಾಲಯ ನೋಡಲು ಬರುತ್ತೀರಾ ಎಂದು ಕೇಳಿದೆ. ಅಲ್ಲಿನ ಜ್ಯೋತಿರ್ಲಿಂಗದ ಗುಡಿಯ ಹತ್ತಿರ ಎಷ್ಟೋ ಲಾಡ್ಜುಗಳಿಗೆ ಗಿಲಾವು ಮಾಡಿದ್ದಳು, ಗುಹೆಗಳನ್ನು ಮಾತ್ರ ನೋಡಿರಲಿಲ್ಲ. "ಪುರಸೊತ್ತ ಎಲ್ಲೈತ್ರಿ," ಅಂದಳು, ಆದರೆ ಬಂದಳು.

ಬೆಟ್ಟದಿಂದಲೇ ಕಡೆದು ತೆಗೆದ ಆ ದೇವಾಲಯದ ಅಂಗಳವನ್ನು ಅವಳು ಒಂದು ಸುತ್ತು ಹಾಕಿದಳು. ಆನೆ, ಕಂಬ, ಶಿಖರ ಎಲ್ಲವನ್ನೂ ಎಲ್ಲರ ಹಾಗೆಯೇ ನೋಡಿದಳು. ಮೇಲೆ ಮಂಟಪಕ್ಕೆ ಬಂದಾಗ ಚಾವಣಿಯ ಒಂದು ಕಡೆ ಅವಳ ದೃಷ್ಟಿ ನಿಂತಿತು. ಅಲ್ಲಿ ಕಲ್ಲಿನ ಮೇಲೆ ಹಳೆಯ ಗಾರೆಯ ತೆಳು ಪದರು, ಅದರ ಮೇಲೆ ಮಾಸಿದ ಬಣ್ಣ, ಇನ್ನೂ ಅಂಟಿಕೊಂಡಿತ್ತು. ನಾನು ಆ ಗುಹೆಗೆ ಎಷ್ಟೋ ಸಲ ಬಂದಿದ್ದೆ. ಅದನ್ನು ಕಂಡಿರಲಿಲ್ಲ.

"ಇದನ್ನ ಯಾರ್ ಹಚ್ಚಿರಬೇಕ್ರಿ?" ಅಂದಳು.

"ಯಾರಿಗೂ ಗೊತ್ತಿಲ್ಲ ಅಕ್ಕಾರ. ಸಾವಿರ ವರ್ಷದ ಮ್ಯಾಲಾತು."

"ಅವರೂ ಇಲ್ಲೇ ಹೊರಗ ಗುಡಿಸಲಾ ಹಾಕ್ಕೊಂಡಿದ್ದಿರಬೇಕು," ಅಂದಳು.

ಪಕ್ಕದ ಕಂಬದ ಮೇಲೂ ಒಂದು ಚೂರು ಗಾರೆ ಉಳಿದಿತ್ತು. ಅದರ ಕಡೆ ಕೈ ಚಾಚಿದಳು. ಕಾವಲುಗಾರ ಸೀಟಿ ಊದಿದ. ಕೈ ಹಿಂದೆ ತೆಗೆದು, ಅದೇ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಆಮೇಲೆ ನಾವಿಬ್ಬರೂ ಆ ಮಂಟಪದ ತಣ್ಣನೆಯ ನೆಲದ ಮೇಲೆ ಕೂತೆವು. ಸಂಜೆಯ ಬಸ್ಸಿಗೆ ಹೊತ್ತಾಗುವ ತನಕ ಅವಳು ಚಾವಣಿಯಿಂದ ಕಣ್ಣು ಇಳಿಸಲಿಲ್ಲ.